ಬ್ಲೇಡಿನಿಂದ ಕೊಯ್ದ ಕಾದಂಬರಿ

ಮೇಜಿನ ಮೇಲೆ ಗೋಂದಿನ ಡಬ್ಬಿ ತೆರೆದಿದೆ. ಕೋಣೆಯೆಲ್ಲ ಶಾಲೆಯ ವಾಸನೆ. ಪಕ್ಕದಲ್ಲಿ ಒಂದು ಕಾದಂಬರಿಯ ಎರಡು ತುಂಡುಗಳಿವೆ. ನೀವು ಪುಸ್ತಕಪ್ರಿಯರಾಗಿದ್ದರೆ ಕ್ಷಮಿಸಿ, ಕೊಯ್ದವರು ನಾವೇ.

ನಾವು ಎಂದರೆ ನಾನು ಮತ್ತು ಗುರುಪಾದ. ಕುಷಾಯಿಗೂಡದ ಒಂದೇ ಗಲ್ಲಿಯವರು, ಆಗ ಇಬ್ಬರಿಗೂ ಹದಿನಾರು. ಭಾನುವಾರ ಅಬಿಡ್ಸ್ ಫುಟ್‌ಪಾತಿನ ಹಳೆಯ ಪುಸ್ತಕಗಳಲ್ಲಿ, ತೆಲುಗು ಉರ್ದು ರಾಶಿಗಳ ನಡುವೆ, ಒಂದು ಕನ್ನಡ ಕಾದಂಬರಿ ಸಿಕ್ಕಿತು. ಇಬ್ಬರು ಗೆಳೆಯರು ಹುಡುಗತನ ದಾಟುವ ಕಥೆ. ಮೊದಲು ಯಾರು ಓದಬೇಕೆಂಬುದು ಬಸ್ಸಿಳಿದರೂ ತೀರ್ಮಾನವಾಗಲಿಲ್ಲ. ಗುರುಪಾದ ಅಪ್ಪನ ದಾಡಿ ಬ್ಲೇಡು ತಂದ.

“ನಟ್ಟನಡುವ ಕೊಯ್ಯೂಣು. ವಾರದ ಮ್ಯಾಲೆ ಅದಲಾಬದಲಿ.”

“ಎರಡನೇ ಭಾಗ ಮೊದಲ ಓದಿದ್ರ ನಿನಗೇನ್ ತಿಳೀತೈತಿ?”

“ಸಿನಿಮಾಕ್ಕ ಯಾವಾಗರ ಟೈಮಿಗೆ ಹೋಗೀವೇನಲೇ?”

ವಾರ ಕಳೆಯಿತು. ಅವನ ತುಂಡು ಬರಲಿಲ್ಲ.

“ಕಳದೈತಿ ಬಿಡಲೇ. ಕಡೀಕ ಇಬ್ಬರೂ ಕೂಡಿ ಸೈಕಲ್ ಅಂಗಡಿ ಇಡ್ತಾರ. ಮುದುಕರಾಗೂ ತನಕ ಪಂಕ್ಚರ್ ಹಾಕ್ತಾರ.”

ಸಪ್ಪೆ ಅನ್ನಿಸಿದರೂ ನಂಬಿದೆ. ಮೂವತ್ತು ವರ್ಷ ನಂಬಿದೆ. ಒಮ್ಮೆ ಕನ್ನಡದವರ ಸಭೆಯೊಂದರಲ್ಲಿ ಆ ಮುಕ್ತಾಯವನ್ನು ಹೊಗಳಿ ಭಾಷಣವನ್ನೂ ಮಾಡಿದೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಗುರುಪಾದ ತಲೆ ತಗ್ಗಿಸಿ ಕೂತಿದ್ದ. ಅಭಿಮಾನ ಎಂದುಕೊಂಡೆ.

ಎರಡು ತಿಂಗಳ ಹಿಂದೆ ಅವನು ತೀರಿಕೊಂಡ. ಎದೆನೋವು ಅಂದನಂತೆ, ಆಟೋ ಬರುವಷ್ಟರಲ್ಲಿ ಮುಗಿದಿತ್ತು. ಆ ಕಾದಂಬರಿ ಈಗ ಸಿನಿಮಾ ಆಗಿ ಬಂದಿದೆ, ಇಲ್ಲಿ ಭಾನುವಾರ ಬೆಳಗಿನದೊಂದೇ ಆಟ. ಅವನ ಹೆಂಡತಿ ಮಹಾನಂದಾ ಕೂಡ ನನ್ನೊಡನೆ ಬಂದರು.

ಮಧ್ಯಂತರದವರೆಗೆ ಎಲ್ಲ ನಾನು ಓದಿದಂತೆಯೇ ಇತ್ತು. ಹುಡುಗರು ನಮಗಿಂತ ಚೆಂದವಿದ್ದರು, ಅದೊಂದು ತಪ್ಪು. ಆಮೇಲೆ ಒಬ್ಬ ಹುಡುಗ ಕೆರೆಯಲ್ಲಿ ಮುಳುಗಿ ಸತ್ತ. ಇನ್ನೊಬ್ಬ ಒಬ್ಬನೇ ದೊಡ್ಡವನಾದ. ದೀಪ ಹತ್ತಿದ ಮೇಲೂ ನಾನು ಸೈಕಲ್ ಅಂಗಡಿಗೆ ಕಾದು ಕೂತಿದ್ದೆ. ಸಿನಿಮಾದವರು ಕಥೆ ಕೆಡಿಸಿದರೆಂದು ಸಿಟ್ಟು ಬಂತು.

ಹೊರಗೆ ಮಹಾನಂದಾ ಚೀಲದಿಂದ ಹಳದಿಗಟ್ಟಿದ ಹಾಳೆಗಳ ಕಟ್ಟು ತೆಗೆದರು.

“ಅವರ ಟ್ರಂಕಿನ್ಯಾಗಿತ್ತರಿ. ನಿಮಗ ತೋರಿಸಬ್ಯಾಡ ಅಂತ ನನ್ನ ಕಡಿಂದ ಆಣಿ ಮಾಡಿಸಿದ್ರು. ಈಗ ಯಾರ ಆಣಿ, ತಗೋರಿ.”

ಪಾಪ್‌ಕಾರ್ನ್ ಮಾರುವಲ್ಲೇ ನಿಂತು ಕೊನೆಯ ಪುಟಗಳನ್ನು ಓದಿದೆ. ಸಿನಿಮಾದವರು ಏನೂ ಕೆಡಿಸಿರಲಿಲ್ಲ. ಹದಿನಾರರ ಹುಡುಗನೊಬ್ಬ ಇದನ್ನು ಒಬ್ಬನೇ ಓದಿ, ನನಗೆ ಬೇಡವೆಂದು ಟ್ರಂಕಿಗೆ ಹಾಕಿದ್ದ.

“ಪುಸ್ತಕದಾಗೂ ಆ ಹುಡುಗ ಸಾಯ್ತಾನೇನ್ರಿ?” ಮಹಾನಂದಾ ಕೇಳಿದರು. “ನಂದು ತೆಲುಗು ಸಾಲಿ, ಕನ್ನಡ ಓದಾಕ ಬರಂಗಿಲ್ಲ.”

“ಇಲ್ಲವ್ವ. ಇಬ್ಬರೂ ಕೂಡಿ ಸೈಕಲ್ ಅಂಗಡಿ ಇಡ್ತಾರ.”

“ಹೌದಾ? ಆಮ್ಯಾಲ?”

“ಮುದುಕರಾಗೂ ತನಕ ಪಂಕ್ಚರ್ ಹಾಕ್ತಾರ.”

ಅವರು ಕಣ್ಣೊರೆಸಿಕೊಂಡು ನಕ್ಕರು. “ಅದ ಚಲೋ ಐತಿ ನೋಡ್ರಿ.”

ಎರಡೂ ತುಂಡುಗಳನ್ನು ಅಂಟಿಸಲೆಂದೇ ಗೋಂದು ತಂದಿದ್ದೆ. ಆದರೆ ಅಂಟಿಸಿದರೆ ನನ್ನ ಭಾಗದ ಹುಡುಗನೂ ಸಾಯುತ್ತಾನೆ. ಡಬ್ಬಿಗೆ ಮುಚ್ಚಳ ಹಾಕಿದೆ.