ಗಿಡ್ಡಯ್ಯ ಹಾಕದೆ ಹೋದ ಆರನೇ ಗೆರೆ

ಕೆಂಪು ಕೋಳಿಯನ್ನು ಕಾವಿಗೆ ಕೂರಿಸುವುದೋ ಬೇಡವೋ ಎಂದು ಗಿಡ್ಡಯ್ಯ ಅವತ್ತು ಬೆಳಿಗ್ಗೆ ಚೀನಾದವರನ್ನು ಕೇಳುತ್ತಿದ್ದ.

ಜಗಲಿಯಲ್ಲಿ ಕುಕ್ಕರಗಾಲಲ್ಲಿ ಕೂತು ಮೂರು ಕಾಫಿ ಬೀಜ ಎಸೆಯುತ್ತಿದ್ದ. ಕಾಸು ಎಸೆಯಬೇಕೆಂದು ವಿಧಿ. ಬೀಜಕ್ಕಾದರೆ ಹೊಟ್ಟೆ ಬೆನ್ನು ಚೆನ್ನಾಗಿ ಗೊತ್ತಾಗುತ್ತದೆ ಎಂದು ಇವನ ವಾದ. ಬೆನ್ನು ಹೆಚ್ಚು ಬಿದ್ದರೆ ಇಡೀ ಗೆರೆ, ಹೊಟ್ಟೆ ಹೆಚ್ಚು ಬಿದ್ದರೆ ನಡುವೆ ಮುರಿದ ಗೆರೆ. ಕೆಳಗಿನಿಂದ ಮೇಲಕ್ಕೆ ಆರು ಗೆರೆ ರಂಗೋಲಿ ಪುಡಿಯಲ್ಲಿ ಎಳೆದರೆ ಒಂದು ಮಾತು ಬರುತ್ತದೆ.

ಆನೇಮಹಲಿನ ಮೇಲಿನ ಎಸ್ಟೇಟ್ ಬಂಗಲೆಯಲ್ಲಿ ಅವನು ಅಡುಗೆಯವ. ಬಂಗಲೆ ಹೋಂಸ್ಟೇ ಆದ ಹೊಸದರಲ್ಲಿ ಬಂದ ಒಬ್ಬಳು ಬಿಳಿ ಹೆಂಗಸು ಚಿತ್ರದ ಎಲೆಗಳ ಕಟ್ಟು ಕೊಟ್ಟು ಹೋಗಿದ್ದಳು. ಟ್ಯಾರೋ ಅಂತೆ, ಭವಿಷ್ಯ ಹೇಳುವ ಇಸ್ಪೀಟು. ಅವಳ ಜೊತೆಯವನು ಚೀನಾದ ಗೆರೆ ಕಲಿಸಿದ್ದ. ಎಲೆ, ಗೆರೆ ಎರಡೂ ಒಂದೇ ಮಾತು ಹೇಳಿದರೆ ಮಾತ್ರ ಗಿಡ್ಡಯ್ಯ ಕೆಲಸಕ್ಕೆ ಕೈ ಹಾಕುವುದು. ಅವು ಹೇಳುತ್ತಿರಲಿಲ್ಲ. ಹಾಗಾಗಿ ಮನೆಗೆ ಸುಣ್ಣ ಬಳಿದಿರಲಿಲ್ಲ, ಎಮ್ಮೆ ತಂದಿರಲಿಲ್ಲ, ಹೊಸಕೋಟೆಯ ತಂಗಿ ಮನೆಗೂ ಹೋಗಿರಲಿಲ್ಲ.

ಅವತ್ತು ಬಂದ ಎಲೆಯಲ್ಲಿ ಒಬ್ಬ ಮರಕ್ಕೆ ಒಂಟಿ ಕಾಲಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ.

"ಮೆಣಸು ಕುಯ್ಯೋಕೆ ಹತ್ತಿ ಜಾರ್ದಂಗವ್ನೆ," ಎಂದಳು ಹೆಂಡತಿ ಗಂಗಾಮಣಿ.

"ನಗಬ್ಯಾಡ ಕಣೆ. ಇವ್ನು ಕಾಯ್ತಾ ಅವ್ನೆ. ಮುಖ ನೋಡು, ಎಷ್ಟು ಆರಾಮಾಗೈತೆ."

ಐದು ಗೆರೆ ಆಯಿತು.

"ಕೊನೇದು ಮುರಿದು ಬಿದ್ರೆ 'ಕಾಯ್ಬೇಕು' ಅಂತ. ಇಡೀದು ಬಿದ್ರೆ 'ಮೋಡ ಐತೆ, ಮಳೆ ಇಲ್ಲ' ಅಂತ. ಮುರಿದು ಬೀಳ್ಲಿ. ಎಲೆಗೂ ಗೆರೆಗೂ ಮೊದಲ್ನೇ ಸಲ ತಾಳೆ ಆಗ್ತೈತೆ."

ಅಷ್ಟರಲ್ಲಿ ಸಂತೆಗೆ ಹೊರಟ ಜೀಪು ಹಾರನ್ ಹೊಡೆಯಿತು.

"ಮುಟ್ಬ್ಯಾಡ. ಬಂದು ಹಾಕ್ತೀನಿ," ಎಂದು ಓಡಿದ.

ಆನೇಮಹಲಿನ ಚಾ ಅಂಗಡಿ ಬೆಂಚಿನ ಮೇಲೆ ಕೂತವನು ಕೂತ ಹಾಗೇ ಹೋದ. ಕೈಯಲ್ಲಿ ಅರ್ಧ ಬನ್ನು ಇತ್ತು.

ತಿಥಿಯ ದಿನ ಬಾಳೆಎಲೆ ಹಾಕಿ ಬಡಿಸುವ ಮೊದಲೇ ಜಗಳ ಶುರುವಾಯಿತು. ಜಗಲಿಯ ಐದು ಗೆರೆಯನ್ನು ಅವತ್ತಿನಿಂದ ಯಾರೂ ತುಳಿದಿರಲಿಲ್ಲ, ಸಾರಿಸಿರಲಿಲ್ಲ. ಮೈದುನ ಚಂದ್ರಯ್ಯ ಬೀಜ ಹಿಡಿದು ಅಲ್ಲಿಗೆ ಬಂದ.

"ಅರ್ಧಕ್ಕೆ ನಿಂತೈತೆ ಅತ್ತಿಗೆ. ಅಣ್ಣನ ಜೀವ ಇಲ್ಲೇ ಸಿಕ್ಕಾಕ್ಕೊಂಡೈತೆ. ನಾನೇ ಎಸೆದು ಮುಗಿಸ್ತೀನಿ."

"ಅವ್ರು ಕೇಳಿದ್ದು ಕೋಳಿ ವಿಷ್ಯ. ಕೋಳಿಲಿ ಯಾಕೆ ಸಿಕ್ಕಾಕ್ಕೊಂತಾರೆ?"

ನೆಂಟರು ಎರಡು ಪಾಲಾದರು. ಮುಗಿಸಲೇಬೇಕು ಎಂದರು ಕೆಲವರು, ಐದೇ ಗೆರೆಯಲ್ಲಿ ಜೀವ ಹೇಗೆ ಸಿಕ್ಕಿಕೊಳ್ಳುತ್ತದೆ ಎಂದರು ಉಳಿದವರು. ಅನ್ನ ಆರಿತು. ಕೆಂಪು ಕೋಳಿ ಯಾರನ್ನೂ ಕೇಳದೆ ಸೌದೆ ಸಂದಿಯಲ್ಲಿ ಕಾವಿಗೆ ಕೂತುಬಿಟ್ಟಿತ್ತು.

ಗಂಗಾಮಣಿ ಚಂದ್ರಯ್ಯನ ಕೈಯಿಂದ ಬೀಜ ಕಿತ್ತುಕೊಂಡು ಸೆರಗಿಗೆ ಕಟ್ಟಿಕೊಂಡಳು.

"ಬಂದು ಹಾಕ್ತೀನಿ ಅಂದವ್ರೆ."

"ಸತ್ತೋರು ಬರ್ತಾರಾ ಅತ್ತಿಗೆ?"

"ಬರಲ್ಲ. ಅದ್ಕೇ ನೀನೂ ಹಾಕ್ಬ್ಯಾಡ. ಅದೊಂದು ಬಿದ್ರೆ ಎಲ್ಲಾ ಮುಗ್ದೋಯ್ತದೆ."

ಮಾರನೇ ದಿನ ಜಗಲಿ ಸಾರಿಸಿದಾಗ ಗೆರೆ ಅಳಿಸಿತು. ಅವಳು ಮತ್ತೆ ಎಳೆದಳು. ಪಕ್ಕದ ಕೂಲಿ ಲೈನಿನ ಮಾದಮ್ಮ ನೋಡಿದಳು.

"ಗಂಡ ಹೋದೋರು ರಂಗೋಲಿ ಬಿಡ್ತಾರೇನೆ ಗಂಗಾ?"

"ರಂಗೋಲಿ ಅಲ್ಲ ಕಣಕ್ಕ. ಚೀನಾದವ್ರದು."

ಚೀನಾದ ವಿಧವೆಯರಿಗೆ ಏನು ಕಟ್ಟಳೆಯೋ ಮಾದಮ್ಮನಿಗೆ ಗೊತ್ತಿರಲಿಲ್ಲ.

ಈಗಲೂ ಬೆಳಿಗ್ಗೆ ಎದ್ದು ಸೆಗಣಿ ಹಾಕಿ ಸಾರಿಸುತ್ತಾಳೆ. ಕೆಳಗಿನಿಂದ ಮೇಲಕ್ಕೆ ಎಳೆಯುತ್ತಾಳೆ: ಮೂರು ಇಡೀ, ಒಂದು ಮುರಿದದ್ದು, ಇನ್ನೊಂದು ಇಡೀ. ಮೇಲೆ ಒಂದು ಗೆರೆಯ ಜಾಗ ಬಿಟ್ಟು, ಕೈ ಒರೆಸಿಕೊಂಡು, ಕೋಳಿ ಗೂಡಿನ ಬಾಗಿಲು ತೆಗೆಯುತ್ತಾಳೆ.