ಹೊತ್ತು ಮುಳುಗುವ ತನಕ

ನಾನು ರವಿಕೆ ಖಣದ ಗಂಟು ಕೆಳಗಿಳಿಸುವ ಮೊದಲೇ ಗೌರವ್ವ ನನ್ನ ಮುಂದೆ ತಾಟು ಇಟ್ಟೇಬಿಟ್ಟರು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮೇಲೊಂದು ಬೆಣ್ಣೆಯ ಉಂಡೆ. ಪ್ಲೇಗಿನ ಮರುವರ್ಷ, ಗುಳೇದಗುಡ್ಡದಿಂದ ಖಣ ಮಾರುತ್ತ ಕೂಡಲಸಂಗಮದ ಹತ್ತಿರದ ಹಳ್ಳಿಗೆ ಹೋಗಿದ್ದೆ. ಸೋಮವಾರ ಹೊಸ್ತಿಲಿಗೆ ಮೊದಲು ಬಂದವರು ಉಂಡ ಮೇಲೆಯೇ ಮನೆಯವರು ಉಣ್ಣಬೇಕು ಎಂಬುದು ಆ ತಾಯಿಯ ನೇಮ.

"ನಂದು ರೋಜಾ ಐತ್ರಿ ಅವ್ವಾರ. ಹೊತ್ತು ಮುಣಗೂತನಕ ನೀರೂ ಮುಟ್ಟಂಗಿಲ್ಲ," ಎಂದೆ.

ಹೊಲದಿಂದ ಹಸಿದು ಬಂದು ಪಡಸಾಲೆಯಲ್ಲಿ ಕೂತಿದ್ದ ಗಂಡ ಮತ್ತು ಗಂಡುಮಕ್ಕಳು ನನ್ನನ್ನೇ ನೋಡಿದರು. ಬೇರೆ ಯಾರನ್ನಾದರೂ ಕರೆಯೋಣವೆಂದು ಗಂಡ ಮೆಲ್ಲಗೆ ಹೇಳಿ ನೋಡಿದರು.

"ಸಂಗಮನಾಥ ಇವನ್ನ ಕಳಿಸ್ಯಾನ. ಬದಲಿ ಹುಡುಕಾಕ ನಾ ಯಾರು?" ಎಂದು ಗೌರವ್ವ ತಾಟು ಮುಚ್ಚಿಟ್ಟರು. "ಇವನ ನೇಮನೂ ನಡೀಲಿ, ನಂದೂ ನಡೀಲಿ."

ನಾನು ಉಣ್ಣದೆ ಹೊರಟರೆ ಅವರಿಗೆಲ್ಲ ರಾತ್ರಿಯೂ ಉಪವಾಸವೇ. ಹಾಗಾಗಿ ಕೂತೆ. ಗೌರವ್ವ ಜಪಕ್ಕೆ ಕೂತರು. ಗಂಡ ಮಾತ್ರ ಮತ್ತೆ ಮತ್ತೆ ಅಂಗಳಕ್ಕೆ ಹೋಗಿ, ಮೊಂಡ ಎತ್ತನ್ನು ಬೈಯುವ ಹಾಗೆ ಸೂರ್ಯನನ್ನು ಬೈದು ಬರುತ್ತಿದ್ದರು. ಅಂತೂ ಹೊತ್ತು ಮುಳುಗಿತು. ನಾನು ಮೊದಲ ತುತ್ತು ಬಾಯಿಗಿಟ್ಟೆನೋ ಇಲ್ಲವೋ, ಹಿಂದೆ ಎಲ್ಲರ ತಾಟುಗಳೂ ಒಮ್ಮೆಲೇ ಸದ್ದು ಮಾಡಿದವು.

ಈಗಲೂ ಸೋಮವಾರ ಆ ಊರಿಗೆ ಹೋದರೆ ಗೌರವ್ವನ ಯಜಮಾನರು ಅಗಸಿ ಬಾಗಿಲಲ್ಲೇ ತಡೆದು, "ಇವತ್ತ ರೋಜಾ ಏನರೆ ಐತೇನಪಾ?" ಎನ್ನುತ್ತಾರೆ. ಹೌದೆಂದರೆ ನನ್ನ ಗಂಟನ್ನು ತಾವೇ ಹೊತ್ತು, ಹಿಂದಿನ ಓಣಿಯಿಂದ ಊರು ದಾಟಿಸಿ ಬರುತ್ತಾರೆ.