ಗೊಂಬೆ ಬೀರುವಿನಲ್ಲಿ ಹಾವು

ನಾನು ಸಾಕಿದ ಮೊದಲ ಹಾವು ನನ್ನ ಕೈಗೆ ಬಂದ ಮೇಲೆ ಬದುಕಿದ್ದು ಏಳೇ ವಾರ. ಅದನ್ನು ಕೊಂದದ್ದು ನಾನು. ಇದನ್ನು ಬಾಯಿಬಿಟ್ಟು ಹೇಳಲು ನನಗೆ ಬಹಳ ದಿನ ಬೇಕಾಯಿತು.

ಆಗ ಗಂಡನ ಮನೆ ಬಿಟ್ಟು ಚಾಮರಾಜಪೇಟೆಯಲ್ಲಿ ಅಮ್ಮನ ಜೊತೆ ಇರಲು ಬಂದು ಎರಡು ವರ್ಷವಾಗಿತ್ತು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವುದು, ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗುವುದು, ಇಷ್ಟೇ ನನ್ನ ದಿನಚರಿ. ಕುಮಾರ ಪಾರ್ಕಿನಿಂದ ಬರುತ್ತಿದ್ದ ನಮ್ಮ ವಿಜ್ಞಾನದ ಮೇಷ್ಟ್ರು ಕೆಲಸ ಬಿಟ್ಟು ಬೇರೆ ಊರಿಗೆ ಹೊರಟಿದ್ದರು. ಅವರ ಬಳಿ ಒಂದು ಬಾಲ್ ಪೈಥಾನ್ ಇತ್ತು. ವಿಷವಿಲ್ಲದ ಆಫ್ರಿಕಾದ ಹಾವು, ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ. "ನೀವಾದ್ರೆ ಸರಿಯಾಗಿ ನೋಡ್ಕೋತೀರ ಮೇಡಂ," ಅಂದರು. ನನ್ನನ್ನು ನಂಬಿ ಯಾರಾದರೂ ಏನನ್ನಾದರೂ ಕೊಟ್ಟು ಎಷ್ಟೋ ಕಾಲವಾಗಿತ್ತು. ಒಪ್ಪಿಕೊಂಡುಬಿಟ್ಟೆ. ಅರ್ಜಿ, ಕಾಗದಪತ್ರ ಎಲ್ಲ ನನ್ನ ಹೆಸರಿಗೆ ಆದವು.

ಅವರ ಗಾಜಿನ ಪೆಟ್ಟಿಗೆ ಸಾಗಿಸುವಾಗ ಒಡೆದುಹೋಯಿತು. ಹೊಸದು ತರಬಹುದಿತ್ತು. ಆದರೆ ನನ್ನ ಕಣ್ಣು ಬಿದ್ದಿದ್ದು ನಡುಮನೆಯಲ್ಲಿದ್ದ ಗೊಂಬೆ ಬೀರುವಿನ ಮೇಲೆ. ತೇಗದ ಮರ, ಮುಂದೆ ಗಾಜಿನ ಬಾಗಿಲು. ದಸರಾದಲ್ಲಿ ಕೂರಿಸುವ ಗೊಂಬೆಗಳೆಲ್ಲ ವರ್ಷದ ಉಳಿದ ದಿನ ಹಳೇ ಪಂಚೆಯ ಚೂರುಗಳಲ್ಲಿ ಸುತ್ತಿಕೊಂಡು ಅದರೊಳಗೆ ಮಲಗಿರುತ್ತಿದ್ದವು.

"ಪಟ್ಟದ ಗೊಂಬೆ ಇದ್ದ ಜಾಗದಲ್ಲಿ ಹಾವಾ? ಬೇಡ ಕಣೇ, ಬೇರೆ ಏನಾದ್ರೂ ತಗೋ," ಅಂದಳು ಅಮ್ಮ.

"ಇಷ್ಟು ಗಟ್ಟಿ ಮರ ಈಗ ಎಲ್ಲಿ ಸಿಗತ್ತೆ?" ಅಂದೆ. ಅಮ್ಮ ನನ್ನ ಮುಖ ನೋಡಿದಳು. ಎರಡು ವರ್ಷದಲ್ಲಿ ನಾನು ಒಂದು ವಿಷಯಕ್ಕೆ ಹಟ ಹಿಡಿದದ್ದು ಅದೇ ಮೊದಲು. ಮಾರನೆಯ ದಿನ ಗೊಂಬೆಗಳು ಟ್ರಂಕಿಗೆ ಹೋದವು.

ನಾನು ಯಾವ ಕೆಲಸವನ್ನಾದರೂ ಓದಿಕೊಂಡೇ ಮಾಡುವವಳು. ಬಡಗಿಯನ್ನು ಕರೆಸಿ ಗಾಳಿಗೆ ತೂತು ಕೊರೆಸಿದೆ. ಹಾವಿಗೆ ಮೈ ಕಾಯಿಸಿಕೊಳ್ಳಲು ಒಂದು ಬದಿ ಬೆಚ್ಚಗಿರಬೇಕು, ಸಾಕೆನಿಸಿದಾಗ ಸರಿದುಕೊಳ್ಳಲು ಇನ್ನೊಂದು ಬದಿ ತಂಪಾಗಿರಬೇಕು. ಅದಕ್ಕೆ ಹೀಟ್ ಮ್ಯಾಟು, ಥರ್ಮೋಸ್ಟ್ಯಾಟು, ಎರಡು ಥರ್ಮಾಮೀಟರು. ನೆಲಕ್ಕೆ ತೆಂಗಿನ ನಾರಿನ ಪುಡಿ. ಅಡಗಿಕೊಳ್ಳಲು ಎರಡು ಮಣ್ಣಿನ ಕುಂಡ, ಬೋರಲು ಹಾಕಿ ಬಾಯಿ ಒಡೆದದ್ದು. ಮುಳುಗಿ ಕೂರುವಷ್ಟು ಅಗಲದ ನೀರಿನ ಬೋಗುಣಿ. ಎಲ್ಲ ಮುಗಿದ ಮೇಲೆ ಬಾಗಿಲು ತೆರೆದು ಮೂಗು ಒಳಗಿಟ್ಟೆ. ದಸರಾ ರಜೆಯ ವಾಸನೆ ಬಂತು. ಚಿಕ್ಕಂದಿನಲ್ಲಿ ಬೀರು ತೆರೆದ ಕೂಡಲೇ ಬರುತ್ತಿತ್ತಲ್ಲ, ಅದೇ. ಎಷ್ಟೋ ದಿನದ ಮೇಲೆ ನನಗೆ ಖುಷಿಯಾಯಿತು.

ಮೊದಲ ವಾರ ಹಾವು ಒಂದು ಇಲಿ ತಿಂದಿತು. ಇಲಿಗಳನ್ನು ಇಡಲು ತಾರಸಿ ಕೋಣೆಯಲ್ಲಿ ಬೇರೆಯದೇ ಹಳೇ ಫ್ರಿಜ್ಜಿತ್ತು, ಅಮ್ಮನ ಅಡುಗೆಮನೆಗೆ ಅದರ ಸೋಂಕಿರಲಿಲ್ಲ. ಆಮೇಲೆ ಹಾವು ಊಟ ಮುಟ್ಟಲಿಲ್ಲ. ಹೊಸ ಜಾಗದಲ್ಲಿ ಹೀಗೆ ವಾರಗಟ್ಟಲೆ ಉಪವಾಸವಿರುತ್ತವೆ ಎಂದು ಓದಿದ್ದೆ. ಕಾದೆ. ಹಗಲೂ ರಾತ್ರಿ ನೀರಿನ ಬೋಗುಣಿಯಲ್ಲೇ ಬಿದ್ದಿರತೊಡಗಿತು. ಸೆಕೆಯೇನೋ ಎಂದು ಮ್ಯಾಟಿನ ಬಿಸಿ ಇಳಿಸಿದೆ. ಆರನೆಯ ವಾರ ಬಾಯಿ ತೆರೆದು ಉಸಿರಾಡುತ್ತ, ತಲೆಯನ್ನು ಮೇಲಕ್ಕೆ ತಿರುಚಿ ಹಾಗೇ ನಿಂತುಬಿಟ್ಟಿತು.

ಹಾವನ್ನು ದಿಂಬಿನ ಚೀಲದಲ್ಲಿ ಹಾಕಿ, ಆಟೋದಲ್ಲಿ ಮಲ್ಲೇಶ್ವರದ ಪ್ರಾಣಿ ವೈದ್ಯೆಯ ಬಳಿ ಒಯ್ದೆ. ಆಕೆ ಚೀಲದ ಗಂಟು ಬಿಚ್ಚಿದವರೇ ಮುಖ ಹಿಂದೆ ಎಳೆದುಕೊಂಡರು. "ನುಸಿ ಗುಳಿಗೆ ಇಡ್ತೀರಾ ಮನೇಲಿ? ಹಾವಿಗೆ ಅದು ವಿಷ ಕಣ್ರೀ. ನಿಮಗೆ ವಾಸನೆ ಬರ್ಲಿಲ್ವಾ?"

ಬಂದಿತ್ತು. ಆರು ವಾರ ದಿನವೂ ಬಂದಿತ್ತು. ನನ್ನ ಮೂಗಿಗೆ ಅದು ಹಬ್ಬ.

ಹಾವನ್ನು ಅಲ್ಲೇ ಬಿಟ್ಟು ಮನೆಗೆ ಬಂದು ಬೀರು ಜಾಲಾಡಿದೆ. ಹಿಂದಿನ ಮೂಲೆಯಲ್ಲಿ ಸೀರೆ ಚೂರಿನ ಒಂದು ಗಂಟು ಸಿಕ್ಕಿತು, ಒಳಗೆ ನಾಲ್ಕು ನುಸಿ ಗುಳಿಗೆ. "ನಾರಿನ ಪುಡೀಲಿ ಇರುವೆ ಓಡಾಡ್ತಿತ್ತು. ಪಾಪ, ಕಚ್ಚತ್ತೆ ಅಂತ ಇಟ್ಟೆ," ಅಂದಳು ಅಮ್ಮ.

"ನೀನೇ ಕೊಂದೆ ಅದನ್ನ!" ಎಂದು ಅಕ್ಕಪಕ್ಕದ ಮನೆಗೆ ಕೇಳುವ ಹಾಗೆ ಕಿರುಚಿದೆ. ಅಮ್ಮ ಆ ಗಂಟನ್ನು ನನ್ನ ಕೈಯಿಂದ ತೆಗೆದುಕೊಂಡು ಹೊರಗೆ ಎಸೆದು ಬಂದಳು. ವಾರದೊಳಗೆ ಹಾವು ಆಸ್ಪತ್ರೆಯಲ್ಲೇ ಸತ್ತಿತು.

ನಮ್ಮಂಥ ಮನೆಗಳಲ್ಲಿ ಹಾವು ಕೊಂದ ಪಾಪ ಸಣ್ಣದಲ್ಲ. ಅಮ್ಮ ಒಪ್ಪೊತ್ತು ಊಟ ಹಿಡಿದಳು. ಮಂಗಳವಾರ ತಪ್ಪದೆ ನಾಗರಕಟ್ಟೆಗೆ ಹೋಗಿ ಹಾಲೆರೆದು ಬಂದಳು. ಮಂಡಿ ನೋವಿದ್ದರೂ ನೂರೆಂಟು ಪ್ರದಕ್ಷಿಣೆ. ಪುರೋಹಿತರನ್ನು ಕರೆಸಿ ಶಾಂತಿ ಮಾಡಿಸಿದಳು. ಸಂಕಲ್ಪಕ್ಕೆ ಮೊದಲು ಅವರು ಯಾರ ಕೈಯಿಂದ ಆಯಿತೆಂದು ಕೇಳಿದಾಗ ತನ್ನ ಹೆಸರು ಹೇಳಿದಳು. ನಾನು ಪಕ್ಕದ ಕೋಣೆಯಲ್ಲಿ ಪೇಪರು ತಿದ್ದುತ್ತ ಕೂತಿದ್ದೆ, ಹೊರಗೆ ಬರಲಿಲ್ಲ.

ಎರಡು ತಿಂಗಳಾದ ಮೇಲೆ ಬೀರು ತೂಕಕ್ಕೆ ಹಾಕೋಣವೆಂದು ಗುಜರಿಯವನನ್ನು ಕರೆಸಿದೆ. ಅಷ್ಟೂ ದಿನ ಅದು ಬಾಗಿಲು ತೆರೆದುಕೊಂಡು ತಾರಸಿಯ ಬಿಸಿಲಿನಲ್ಲಿತ್ತು. ಅವನು ಒಳಗೆ ತಲೆ ಹಾಕಿ ಕೆಮ್ಮಿದ. "ಗುಳಿಗೆ ವಾಸನೆ ಮರಕ್ಕೇ ಇಳಿದಿದೆ ಮೇಡಂ. ಎಷ್ಟು ವರ್ಷದ್ದೋ ಏನೋ, ಇನ್ನು ಹೋಗಲ್ಲ."

ನಾನೂ ಒಳಗೆ ಮೂಗಿಟ್ಟೆ, ಅದೇ ದಸರಾ ವಾಸನೆ, ವರ್ಷವರ್ಷವೂ ಗೊಂಬೆಗಳ ಜೊತೆ ಇಟ್ಟ ಗುಳಿಗೆಯದು. ಅಮ್ಮನ ಗಂಟು ನೆಪ. ಹಾವನ್ನು ಸಾಯಿಸಿದ್ದು ಆ ಬೀರು, ಬೀರು ಆರಿಸಿದ್ದು ನಾನು. ಕೆಳಗೆ ಬಂದಾಗ ಅಮ್ಮ ಸೌತೆಕಾಯಿ ಹೆಚ್ಚುತ್ತಿದ್ದಳು. ಗುಜರಿಯವನು ಹೇಳಿದ್ದನ್ನು ಹೇಳಿ, "ನಿನ್ನಿಂದ ಅಲ್ಲಮ್ಮ, ನನ್ನಿಂದ," ಅಂದೆ.

"ಗೊತ್ತು ಕಣೇ," ಅಂದಳು, ಕೈ ನಿಲ್ಲಿಸದೆ. "ನಾನು ಆ ಗಂಟು ಇಟ್ಟಿದ್ದು ನೀನು ಡಾಕ್ಟ್ರ ಹತ್ರ ಹೋಗೋ ಹಿಂದಿನ ದಿನ. ಅದು ಊಟ ಬಿಟ್ಟು ಆಗ್ಲೇ ತಿಂಗಳಾಗಿತ್ತಲ್ಲ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಪುರೋಹಿತರ ಮುಂದೆ ನಿನ್ನ ಹೆಸರು ಹೇಳ್ಬೇಕಿತ್ತು. ನಿನಗೆ ಆಗಿರೋದು ಸಾಲ್ದಾ? ನಂಗೆ ಇನ್ನೆಷ್ಟು ದಿನ, ನನ್ನ ತಲೆ ಮೇಲೇ ಇರ್ಲಿ ಬಿಡು."

ದೋಷ, ಶಾಂತಿ ಯಾವುದರಲ್ಲೂ ನನಗೆ ನಂಬಿಕೆಯಿಲ್ಲ. ಆದರೂ ಮುಂದಿನ ಮಂಗಳವಾರ ಶಾಲೆಗೆ ರಜೆ ಹಾಕಿ ಒಬ್ಬಳೇ ನಾಗರಕಟ್ಟೆಗೆ ಹೋದೆ. ಕಲ್ಲಿನ ಮುಂದೆ ನಿಂತು, ನನ್ನ ಪಾಪ ನನಗೇ ಕೊಡು, ಅಮ್ಮನನ್ನು ಬಿಡು ಎಂದು ಬೇಡಿಕೊಂಡೆ. ಅಲ್ಲಿ ಯಾರೂ ನನ್ನ ಹೆಸರು ಕೇಳಲಿಲ್ಲ.